ನೂರು ಸುತ್ತು, ಮೂರು ನಿಮಿಷ, ಎಂಟು ಸೆಕೆಂಡು

ಮಾರ್ಚ್ 4, ಸೋಮವಾರ

ಕರಪತ್ರವೇ,

ನಿನ್ನೆ ಸಂಘದ ಹಾಲ್‌ನಲ್ಲಿ ಭಾನುವಾರದ ಕುಣಿತದ ನಡುವೆ ಎಡಗಡೆಯ ಟರ್ನ್‌ಟೇಬಲ್ ಸತ್ತಿತು. ಎರಡನೆಯ ಹಾಡಿನ ನಡುವೆ ನಿಧಾನವಾಗುತ್ತಾ ಹೋಯಿತು. ಹಾಡುವವಳ ದನಿ ಗಂಡಸಿನದಾಯಿತು, ಆಮೇಲೆ ಎಮ್ಮೆಯದಾಯಿತು, ಆಮೇಲೆ ನಿಂತೇಹೋಯಿತು. ಜನ ನಕ್ಕರು. ನಾನೂ ನಕ್ಕೆ. ಮನೆಗೆ ತಂದು ಬಿಚ್ಚಿ ನೋಡಿದರೆ ಮೋಟಾರಿನ ಸುರುಳಿ ಸುಟ್ಟು ಕರಕಲಾಗಿದೆ. ಡಿಪೋದಲ್ಲಿ ಬಸ್ಸಿನ ಇಂಜಿನ್ ಬಿಚ್ಚಿ ಜೋಡಿಸುವವನ ಕೈಗೆ ಅಂಗೈಯಷ್ಟು ಮೋಟಾರು ಬಗ್ಗಲಿಲ್ಲ. ಈ ಮಾಡೆಲ್ಲಿನ ಬಿಡಿಭಾಗ ಈಗ ಯಾರೂ ಮಾಡುವುದಿಲ್ಲವಂತೆ.

ಉಳಿದ ಒಂದರಲ್ಲೇ ನಡೆಸಿದೆ. ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ಒಂದರಲ್ಲಿ ಹಾಡು ಓಡುವಾಗ ಇನ್ನೊಂದರಲ್ಲಿ ಮುಂದಿನ ಹಾಡು ತಾಳ ಕೂಡಿಸಿಕೊಂಡು ಕಾದಿರಬೇಕು. ಒಂದೇ ಇದ್ದರೆ ಹಾಡು ಮುಗಿದ ಮೇಲೆ ಮುಳ್ಳು ಎತ್ತಿ, ರೆಕಾರ್ಡ್ ತೆಗೆದು, ಒರೆಸಿ, ಇನ್ನೊಂದು ಹಾಕುವಷ್ಟರಲ್ಲಿ ಅರ್ಧ ನಿಮಿಷ ಮೌನ. ಆ ಅರ್ಧ ನಿಮಿಷದಲ್ಲಿ ಒಬ್ಬರಿಗೆ ಮೊಣಕಾಲು ನೆನಪಾಗುತ್ತದೆ, ಇನ್ನೊಬ್ಬರಿಗೆ ಒಗೆಯುವ ಬಟ್ಟೆ ನೆನಪಾಗುತ್ತದೆ. ಮೂರು ಗಂಟೆಗೆ ಹಾಲ್ ಖಾಲಿ.

ಬೀಗದಕೈ ಬಾಗಿಲಲ್ಲೇ ನಿಂತಿದ್ದ. ಲಾಂಡ್ರಿ ಕೆಲಸಗಾರರ ಸಂಘಕ್ಕೆ ಅವನು ಕಾರ್ಯದರ್ಶಿಯಾಗಿ ಒಂಬತ್ತು ವರ್ಷ, ಇನ್ನೂ ಒಮ್ಮೆಯೂ ಕಾಲು ಕುಣಿಸಿಲ್ಲ. "ಭಾನುವಾರ ಮಧ್ಯಾಹ್ನ ಟ್ಯೂಷನ್‌ನವರು ಹಾಲ್ ಕೇಳ್ತಿದಾರೆ ಕಣಯ್ಯ. ಮೂವತ್ತೊಂದನೇ ತಾರೀಕು ಸಂಜೆ ಸಭೆ. ಅವತ್ತು ಐದು ಗಂಟೆವರೆಗೂ ಜನ ನಿಂತಿದ್ರೆ ನಿಂದು, ಇಲ್ದಿದ್ರೆ ಅವರದ್ದು" ಅಂದ. ಹನ್ನೊಂದು ವರ್ಷದ ಭಾನುವಾರಗಳನ್ನು ಹೀಗೆ ಒಂದು ಉಸಿರಿನಲ್ಲಿ ಮುಗಿಸಿದ.

ನೀನು ಆ ಊರಿಗೆ ಹೊರಟಾಗ ಕೊಟ್ಟೆನಲ್ಲ ಮೂರನೆಯ ಟರ್ನ್‌ಟೇಬಲ್, ಅದನ್ನು ಸ್ವಲ್ಪ ದಿನದ ಮಟ್ಟಿಗೆ ಕಳಿಸು. ನಮ್ಮ ಡಿಪೋದ ಡ್ರೈವರ್ ಮೀಸೆ ಬುಧವಾರ ನಿನ್ನ ಊರಿಗೆ ಬಸ್ಸು ತರುತ್ತಾನೆ. ಸೀಟಿನ ಕೆಳಗಿಟ್ಟು ತರುತ್ತೇನೆ ಅಂದಿದ್ದಾನೆ. ಮುಳ್ಳಿನ ತೋಳನ್ನು ಕಟ್ಟಿ ಕಳಿಸು.

ಫೋನ್ ಮಾಡಬಹುದಿತ್ತು. ಆದರೆ ಹೋದ ಸಲ ನಾವಿಬ್ಬರೂ ನಲವತ್ತು ನಿಮಿಷ ಕಿರುಚಾಡಿದ ಮೇಲೆ ನಿಮ್ಮಮ್ಮ ಹಾಕಿದ ಕಾನೂನು ಮುರಿಯುವ ಧೈರ್ಯ ನನಗಿಲ್ಲ. "ಬರ್ಕೊಳಿ, ಕಾಗದಕ್ಕೆ ಗಂಟಲಿಲ್ಲ" ಅಂದಳಲ್ಲ ನಮ್ಮಕ್ಕ.

ನಿನ್ನ ಮಾವ


ಮಾರ್ಚ್ 6, ಬುಧವಾರ

ಮಾವ,

ಮೂರನೆಯದನ್ನು ಕಳಿಸುತ್ತಿಲ್ಲ. ಸಿಟ್ಟಾಗಬೇಡ, ಪೂರ್ತಿ ಓದು. ಅದು ಈಗ ಸಾಗಿಸುವ ಸ್ಥಿತಿಯಲ್ಲಿಲ್ಲ. ಅದಕ್ಕಿಂತ ಒಳ್ಳೆಯದನ್ನು ಮೀಸೆ ಮಾಮನ ಕೈಗೆ ಕೊಟ್ಟಿದ್ದೇನೆ. ಚೀಲ ಬಿಚ್ಚಿದರೆ ಒಂದು ದಪ್ಪ ಪುಸ್ತಕದಷ್ಟಿರುವ ಪೆಟ್ಟಿಗೆ. ಎರಡು ಪುಟ್ಟ ಚಕ್ರ, ನಡುವೆ ಮಿಕ್ಸರ್, ಅಂಗೈಯಗಲದ ಪರದೆ. ಇದೇ ಕಂಟ್ರೋಲರ್. ಚಾರ್ಜ್ ಮಾಡಿದರೆ ನಾಲ್ಕು ಗಂಟೆ ಓಡುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ಸಾಕು. ನಿನ್ನ ಭಾನುವಾರದ ನಲವತ್ತು ಹಾಡೂ ಅದರಲ್ಲಿವೆ, ನೀನು ಹಾಕುವ ಕ್ರಮದಲ್ಲೇ. ಆ ಕ್ರಮ ನನಗೆ ಶಾಲೆಯ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ.

ಈಗ ವಾದಕ್ಕೆ ಬರುತ್ತೇನೆ. ನಿನ್ನ ಒಂದು ಟರ್ನ್‌ಟೇಬಲ್ ಹನ್ನೆರಡು ಕಿಲೋ. ಜೋಡಿಗೆ ಇಪ್ಪತ್ತನಾಲ್ಕು. ಮೇಲೆ ಮಿಕ್ಸರ್, ಎರಡು ಪೆಟ್ಟಿಗೆ ರೆಕಾರ್ಡು. ಅದನ್ನೆಲ್ಲ ಎರಡನೇ ಮಹಡಿಗೆ ಹೊರುವ ತೋಳಿದ್ದವರಿಗೆ ಮಾತ್ರ ಸಂಗೀತ ನುಡಿಸುವ ಹಕ್ಕೇ? ಆ ಪೆಟ್ಟಿಗೆ ತುಂಬಿಸಲು ಇಪ್ಪತ್ತು ವರ್ಷ ಸಂತೆ ಸುತ್ತಿದವರಿಗೆ ಮಾತ್ರವೇ? ಕೌಶಲ ಅನ್ನುವುದು ಎಷ್ಟೋ ಸಲ ಒಳಗಿದ್ದವರು ಹೊರಗಿನವರಿಗೆ ಹಾಕಿದ ಬೇಲಿ, ಮಾವ. ಬೇಲಿಗೆ ಹೂ ಬಿಟ್ಟಿದೆ ಎಂದು ಅದನ್ನು ತೋಟ ಅನ್ನಬಾರದು. ಈ ಯಂತ್ರ ಆ ಬೇಲಿಯನ್ನು ಕಿತ್ತಿದೆ. ತಾಳ ಕೂಡಿಸುವುದನ್ನು ಒಂದು ಗುಂಡಿ ಮಾಡುತ್ತದೆ. ಉಳಿದ ಹೊತ್ತಿನಲ್ಲಿ ಮನುಷ್ಯ ಮನುಷ್ಯರ ಮುಖ ನೋಡಬಹುದು.

ಇಲ್ಲಿ ನಮ್ಮ ಗೋದಾಮಿನಲ್ಲಿ ಡಬ್ಬ ಕಟ್ಟುವವರಿಗೆ ಊಟದ ಬಿಡುವು ಇಪ್ಪತ್ತೈದು ನಿಮಿಷ. ಅಂಗಳದಲ್ಲಿ ಸರಕಿನ ಗಾಡಿ ಹಾದುಹೋದರೆ ನೆಲ ನಡುಗುತ್ತದೆ. ನಿನ್ನ ಮುಳ್ಳು ಅಲ್ಲಿ ಕಪ್ಪೆಯ ಹಾಗೆ ಹಾರುತ್ತದೆ, ಜೊತೆಗೆ ಪ್ಲಗ್ಗೂ ಇಲ್ಲ. ಜನ ಮೆಟ್ಟಿಲು ಹತ್ತಿ ಸಂಗೀತದ ಬಳಿ ಬರಬೇಕಾಗಿದ್ದ ಕಾಲ ಮುಗಿಯಿತು. ಸಂಗೀತವೇ ಎದ್ದು ಜನರ ಬಳಿ ನಡೆಯಬೇಕು.

ನನಗೆ ಇಲ್ಲಿ ಇಂಥದೇ ಇನ್ನೊಂದು ಇದೆ, ಅದರ ಚಿಂತೆ ಬೇಡ. ಭಾನುವಾರ ಇದನ್ನೇ ಹಾಕು.

ನಿನ್ನ ಕರಪತ್ರ


ಮಾರ್ಚ್ 8, ಶುಕ್ರವಾರ

ಕರಪತ್ರವೇ,

ಚೀಲ ಬಂತು. ನಿಮ್ಮತ್ತೆ ಅದನ್ನು ಅಡುಗೆಮನೆಯ ತೂಕದ ಮೇಲಿಟ್ಟು "ಒಂದೂಮುಕ್ಕಾಲು ಕಿಲೋ, ನಿಮ್ಮ ತಲೆಗಿಂತ ಹಗುರ" ಅಂದಳು.

ನಿನ್ನ ಭಾಷಣ ಎರಡು ಸಲ ಓದಿದೆ. ಮೊದಲ ಸಲ ಕೋಪ ಬಂತು. ಬೇಲಿಯಂತೆ! ನಾನು ಯಾರನ್ನು ಹೊರಗಿಟ್ಟೆ? ಎಂಟು ವರ್ಷದವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮುಳ್ಳು ಇಡುವುದನ್ನು ಕಲಿಸಿದವನು ನಾನೇ ತಾನೇ? ಎರಡನೆಯ ಸಲ ಓದುವಾಗ ಒಂದು ಮಾತು ತಿಳಿಯಿತು. ಇಷ್ಟುದ್ದ ವಾದ ಯಾಕೆಂದರೆ ಆ ಮೂರನೆಯದನ್ನು ಬಿಟ್ಟುಕೊಡಲು ನಿನಗೆ ಮನಸ್ಸು ಬರುತ್ತಿಲ್ಲ. ಬಾಯಲ್ಲಿ ಕಂಟ್ರೋಲರ್, ಹೊಟ್ಟೆಯೊಳಗೆ ಟರ್ನ್‌ಟೇಬಲ್. ಅದನ್ನು ತಿಳಿದು ಎಷ್ಟು ಸಂತೋಷವಾಯಿತೆಂದು ಹೇಳುವುದಿಲ್ಲ, ಹೇಳಿದರೆ ನೀನು ಅದಕ್ಕೂ ಒಂದು ಕರಪತ್ರ ಬರೆಯುತ್ತೀಯ. ಇಟ್ಟುಕೋ. ವಾರಕ್ಕೊಮ್ಮೆ ಧೂಳು ಒರೆಸು.

ಭಾನುವಾರ ನಿನ್ನ ಪೆಟ್ಟಿಗೆಯನ್ನೇ ಹೊತ್ತು ಹೋಗುತ್ತೇನೆ.

ಮಾವ


ಮಾರ್ಚ್ 11, ಸೋಮವಾರ

ಕರಪತ್ರವೇ,

ಮಾನ ಹೋಯಿತು.

ಎಲ್ಲ ನೀನು ಹೇಳಿದ ಹಾಗೇ ಮಾಡಿದೆ. ಹಾಡಿನ ಬೆನ್ನಿಗೆ ಹಾಡು ಅಂಟಿಕೊಂಡು ಬಂತು, ನಡುವೆ ಒಂದು ಕೂದಲು ತೂರಿಸುವಷ್ಟೂ ಜಾಗವಿಲ್ಲ. ಆದರೆ ಜನ ಎಡವಿದರು. ಹನ್ನೊಂದು ವರ್ಷದಿಂದ ಅದೇ ಹಾಡಿಗೆ ಅದೇ ಹೆಜ್ಜೆ ಹಾಕಿದವರು ಒಬ್ಬರ ಕಾಲು ಒಬ್ಬರು ತುಳಿದರು. ಇಸ್ತ್ರಿಯಕ್ಕ ನೆನಪಿದ್ದಾಳಲ್ಲ, ದಿನಕ್ಕೆ ನೂರೈವತ್ತು ಅಂಗಿ ಇಸ್ತ್ರಿ ಮಾಡಿ ಸೊಂಟ ಸವೆಸಿಕೊಂಡವಳು? ಯಾವಾಗಲೂ ಮೊದಲು ಏಳುವವಳು ಅವಳೇ. ಮೂರನೆಯ ಹಾಡಿಗೆ ಬೆಂಚಿನ ಮೇಲೆ ಕೂತು, "ಏನಯ್ಯಾ, ನಿನ್ನ ಹಾಡು ಇವತ್ತು ಬಸ್ಸು ಹಿಡಿಯೋಕೆ ಓಡ್ತಿದೆಯಾ?" ಅಂದಳು. ಮತ್ತೆ ಏಳಲಿಲ್ಲ. ಅವಳು ಕೂತರೆ ಉಳಿದವರು ಎಷ್ಟು ಹೊತ್ತು ನಿಂತಾರು? ಮೂರೂವರೆಗೆ ಬೀಗದಕೈ ಕಿಟಕಿ ಹಾಕತೊಡಗಿದ.

ನಿನ್ನ ಯಂತ್ರಕ್ಕೆ ಜೀವ ಇಲ್ಲ, ಕಣೇ. ಅದೇ ಹಾಡು, ಅದೇ ದನಿ, ಆದರೆ ಒಳಗಿನದೇನೋ ಸೋರಿಹೋಗಿದೆ. ಬೆರಳಿಗೆ ರೆಕಾರ್ಡಿನ ಅಂಚು ತಾಗಬೇಕು. ಇನ್ನೇನು ಓಡಿಹೋಗುತ್ತದೆ ಅನ್ನುವಾಗ ಒಂದಿಷ್ಟು ಹಿಡಿಯಬೇಕು, ಒಂದಿಷ್ಟು ಬಿಡಬೇಕು. ನಿನ್ನ ಗುಂಡಿ ಅದನ್ನು ಮಾಡುತ್ತದಾ? ಜನ ನನಗೆ ಹೇಳುತ್ತಿದ್ದರು, ನಿನ್ನ ಕೈಯಲ್ಲಿ ಹಾಡು ತೂಗುತ್ತದೆ ಎಂದು. ತೊಟ್ಟಿಲು ತೂಗುವ ಕೈಯನ್ನು ಬೇಲಿ ಎಂದು ಕರೆದೆಯಲ್ಲ ನೀನು.

ಇನ್ನು ಮೂರು ಭಾನುವಾರ ಉಳಿದಿವೆ. ಆ ಮೂರನೆಯದನ್ನು ಕಳಿಸು. ಈ ಸಲ ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಮಾವ


ಮಾರ್ಚ್ 13, ಬುಧವಾರ

ಮಾವ,

ಯಂತ್ರಕ್ಕೆ ಜೀವವಿಲ್ಲವಂತೆ! ಹಾಗಾದರೆ ನಿನ್ನ ಟರ್ನ್‌ಟೇಬಲ್ ಏನು, ಹೊಟ್ಟೆಯಲ್ಲಿ ಹುಟ್ಟಿದ್ದಾ? ಅದೂ ಯಾವುದೋ ಕಾರ್ಖಾನೆಯಲ್ಲಿ ನಮ್ಮಂಥ ನೂರು ಜನ ನಿಂತು ತಿರುಪು ತಿರುಗಿಸಿ ಮಾಡಿದ ಯಂತ್ರವೇ. ಅವರ ಬೆವರು ನಿನಗೆ ಕಾಣುತ್ತದೆ, ಇದನ್ನು ಮಾಡಿದವರದು ಕಾಣುವುದಿಲ್ಲ, ಅಷ್ಟೇ. ಹಳೆಯದಕ್ಕೆಲ್ಲ ಆತ್ಮ ಅಂಟಿಸುವ ಚಟ ಇದೆಯಲ್ಲ, ಅದರಿಂದಲೇ ಈ ಲೋಕದಲ್ಲಿ ಅರ್ಧ ಅನ್ಯಾಯ ಉಳಿದುಕೊಂಡಿದೆ.

ಹಾಡುಗಳನ್ನು ನಾನು ಕಂಪನಿ ಮುದ್ರಿಸಿದ ಸರಿಯಾದ ವೇಗದಲ್ಲೇ ಹಾಕಿದ್ದೇನೆ. ಒಂದೊಂದನ್ನೂ ಪರೀಕ್ಷಿಸಿದ್ದೇನೆ. ಓಡುತ್ತಿದ್ದದ್ದು ನನ್ನ ಹಾಡಲ್ಲ. ಹಾಗಾದರೆ ನಿಧಾನವಾಗಿದ್ದದ್ದು ಯಾವುದು? ನನಗೊಂದು ಅನುಮಾನ ಬಂದಿದೆ. ನಿನಗೆ ಇಷ್ಟವಾಗುವುದಿಲ್ಲ.

ಉಳಿದಿರುವ ಬಲಗಡೆಯ ಟರ್ನ್‌ಟೇಬಲ್ ಇದೆಯಲ್ಲ, ಅದರ ವೇಗ ಏರಿಸಿ ಇಳಿಸುವ ಬಿರಡೆಯನ್ನು ಮುಟ್ಟಬೇಡ, ನೀನು ಯಾವಾಗಲೂ ಇಡುವ ಜಾಗದಲ್ಲೇ ಇರಲಿ. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸು. ಗಡಿಯಾರ ಎದುರಿಗಿಟ್ಟುಕೋ. ನೂರು ಸುತ್ತು ಎಣಿಸು. ಸರಿಯಾದ ವೇಗದಲ್ಲಿ ನೂರು ಸುತ್ತಿಗೆ ಕರಾರುವಾಕ್ಕಾಗಿ ಮೂರು ನಿಮಿಷ ಹಿಡಿಯಬೇಕು. ನೀನೇ ಕಲಿಸಿದ ಲೆಕ್ಕ ಇದು.

ಎಣಿಸಿ ಬರೆ. ಆಮೇಲೆ ಜೀವದ ಮಾತಾಡೋಣ.

ಕರಪತ್ರ


ಮಾರ್ಚ್ 15, ಶುಕ್ರವಾರ

ಮಗಳೇ,

ಎಣಿಸಿದೆವು. ನಾನು ಗಡಿಯಾರ ನೋಡಿದೆ, ನಿಮ್ಮತ್ತೆ ಗಟ್ಟಿಯಾಗಿ ಎಣಿಸಿದಳು. ಮೊದಲ ಸಲ ಮೂರು ನಿಮಿಷ ಎಂಟು ಸೆಕೆಂಡು. "ನಡುವೆ ಎಲ್ಲೋ ತಪ್ಪಿಸಿಕೊಂಡಿದ್ದೀಯ" ಅಂದೆ. ಅವಳು ನನ್ನನ್ನು ಒಂದು ನೋಟ ನೋಡಿ ಮತ್ತೆ ಒಂದರಿಂದ ಶುರುಮಾಡಿದಳು. ಮೂರು ನಿಮಿಷ ಎಂಟು ಸೆಕೆಂಡು. ಮೂರನೆಯ ಸಲವೂ ಅಷ್ಟೇ.

ಆಮೇಲೆ ಕೂತು ಯೋಚಿಸಿದೆ. ಎಡಗಡೆಯದು ನಿಧಾನವಾಗಿ ಓಡುತ್ತಿತ್ತು. ನಾನು ಬಲಗಡೆಯದರ ಬಿರಡೆಯನ್ನು ಕೆಳಗೆಳೆದು ಅದಕ್ಕೆ ಕೂಡಿಸುತ್ತಿದ್ದೆ. ಕುಂಟನ ಜೊತೆ ನಡೆದೂ ನಡೆದೂ ನಡಿಗೆಯೇ ಹಾಗಾದಂತೆ. ತಟ್ಟೆಯ ಅಂಚಿನ ಚುಕ್ಕೆಗಳಿಗೆ ಬೆಳಕು ಬಿಟ್ಟು ವೇಗ ತೋರಿಸುವ ಪುಟ್ಟ ಬಲ್ಬು ಇತ್ತಲ್ಲ, ಅದು ಮೊದಲ ವರ್ಷವೇ ಸುಟ್ಟಿತ್ತು. ಹಾಕಿಸಲಿಲ್ಲ. ನನಗೆ ಕಣ್ಣು ಯಾಕೆ, ಕಿವಿ ಇದೆ ಅನ್ನುವ ಜಂಬ.

ಹಾಡು ತೂಗುತ್ತದೆ ಎಂದು ಜನ ಹೊಗಳಿದ್ದು ನನ್ನ ಕೈಯನ್ನಲ್ಲ. ಸಾಯುತ್ತಿದ್ದ ಒಂದು ಮೋಟಾರನ್ನು. ಹನ್ನೊಂದು ವರ್ಷ ಅದು ನರಳುತ್ತಿತ್ತು, ನಾನು ಅದನ್ನು ನನ್ನ ವಿದ್ಯೆ ಎಂದುಕೊಂಡು ಮೀಸೆ ತಿರುವಿದೆ. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಮೆಕ್ಯಾನಿಕ್ ನಾನು. ನನ್ನ ಮೊಣಕೈ ಪಕ್ಕದಲ್ಲಿದ್ದದ್ದರ ಸದ್ದು ಕೇಳಲಿಲ್ಲ.

ನೀನು ಗೆದ್ದೆ. ಖುಷಿಪಡು.

ಮಾವ


ಮಾರ್ಚ್ 18, ಸೋಮವಾರ

ಕರಪತ್ರವೇ,

ಶನಿವಾರ ಸಂಜೆ ಮುಖ ಊದಿಸಿಕೊಂಡು ಕೂತಿದ್ದೆ. ನಿಮ್ಮತ್ತೆ ನಿನ್ನ ಪೆಟ್ಟಿಗೆಯನ್ನು ಮುಂದೆ ತಂದಿಟ್ಟಳು. "ಇದರಲ್ಲೂ ಬಿರಡೆ ಇದೆಯಲ್ಲ, ಅದನ್ನೂ ಕೆಳಗೆ ಎಳೀರಿ. ಅದಕ್ಕೇನು ಮುಹೂರ್ತ ಬೇಕಾ?" ಅಂದಳು. ಎಳೆದೆ. ಪರದೆಯ ಮೇಲೆ ನಿಮಿಷಕ್ಕೆ ನೂರಹನ್ನೆರಡು ತಾಳ ಇದ್ದದ್ದು ನೂರೇಳಕ್ಕೆ ಇಳಿಯಿತು. ಆದರೂ ಏನೋ ಸರಿಯಿಲ್ಲ, ದನಿ ತೆಳ್ಳಗೆ. ವೇಗ ಇಳಿಸಿದರೂ ದನಿ ಇಳಿಯದಂತೆ ಹಿಡಿದಿಡುವ ಗುಂಡಿಯೊಂದು ಇದೆ ನೋಡು, ಅದನ್ನು ಆರಿಸಿದೆ. ಹಾಡುವವಳ ದನಿ ಒಂದು ಮೆಟ್ಟಿಲು ಇಳಿದು ಬಂತು. ನಮ್ಮ ಹಾಲಿನ ದನಿ. ನಿಮ್ಮತ್ತೆ ಸೌಟು ಹಿಡಿದುಕೊಂಡೇ ಎರಡು ಹೆಜ್ಜೆ ಹಾಕಿದಳು.

ನಿನ್ನೆ ಹಾಡು ಹಾಕುವ ಮೊದಲು ಎಲ್ಲರ ಎದುರು ನಿಂತು ನಿಜ ಹೇಳಿದೆ. ಹನ್ನೊಂದು ವರ್ಷದಿಂದ ತಪ್ಪು ವೇಗದಲ್ಲಿ ಕುಣಿಸಿದ್ದೇನೆ, ಕ್ಷಮಿಸಿ ಎಂದೆ. ಇಸ್ತ್ರಿಯಕ್ಕ ಎದ್ದಳು. "ತಪ್ಪು ಅಂತ ಯಾರಯ್ಯಾ ಹೇಳಿದ್ದು? ನನ್ನ ಸೊಂಟಕ್ಕೆ ಅದೇ ಸರಿ. ಹಾಡು ಮಾಡಿದವನೇನು ಇಲ್ಲಿ ಬಂದು ನನ್ನ ಜೊತೆ ಕುಣೀತಾನಾ? ಹಾಕು, ಹಾಕು, ಅರ್ಧ ಗಂಟೆ ಮಾತಲ್ಲೇ ಕಳೆದೆ" ಅಂದಳು.

ಐದು ಗಂಟೆವರೆಗೂ ಒಬ್ಬರೂ ಕೂರಲಿಲ್ಲ.

ನಿನ್ನ ಪೆಟ್ಟಿಗೆಗೆ ಕೊಡಬೇಕಾದ ಮರ್ಯಾದೆ ಕೊಡುತ್ತೇನೆ. ಹೆಗಲಿಗೆ ಚೀಲ ಹಾಕಿಕೊಂಡು ನಡುವೆ ಎಲ್ಲೂ ನಿಲ್ಲದೆ ಎರಡು ಮಹಡಿ ಹತ್ತಿದೆ. ಜನರ ಕಾಲುಗಳನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಇಸ್ತ್ರಿಯಕ್ಕ ಎಡಗಾಲನ್ನು ಎತ್ತುವುದಿಲ್ಲ, ಉಜ್ಜುತ್ತಾಳೆ. ಇಷ್ಟು ವರ್ಷ ನನಗದು ಕಂಡಿರಲಿಲ್ಲ.

ಒಂದು ಮಾತು ಕೇಳಬೇಕು. ಎಡಗಡೆಯ ಗುಂಡಿಯ ಬಣ್ಣ ಪೂರ್ತಿ ಸವೆದಿದೆ. ಸವೆದಿರುವುದು ನಟ್ಟನಡುವೆ ಅಲ್ಲ, ಒಂದು ಮಗ್ಗುಲಿಗೆ. ಹೆಬ್ಬೆರಳನ್ನು ಹಾಗೆ ಓರೆಯಾಗಿ ಒತ್ತುವವರು ನನಗೆ ಗೊತ್ತಿರುವಂತೆ ಒಬ್ಬಳೇ. ಅವಳಿಗೆ ಎಂಟು ವರ್ಷವಾದಾಗಿನಿಂದಲೂ ಬೈದೆ, ತಿದ್ದಿಕೊಳ್ಳಲಿಲ್ಲ. ನಿನ್ನ ಹತ್ತಿರ ಇನ್ನೊಂದು ಇರುವುದು ನಿಜ ತಾನೇ?

ಮಾವ


ಮಾರ್ಚ್ 20, ಬುಧವಾರ

ಮಾವ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಸರಿಯಾದ ವೇಗ ಎಂದು ಅಷ್ಟು ಜೋರಾಗಿ ಬರೆದೆನಲ್ಲ, ಯಾರಿಗೆ ಸರಿ ಎಂದು ಕೇಳಲೇ ಇಲ್ಲ. ಅದನ್ನು ಕೇಳಬೇಕು ಎಂದು ಹೇಳುವ ಪುಸ್ತಕಗಳನ್ನೇ ದಿಂಬಿನ ಕೆಳಗಿಟ್ಟು ಮಲಗುವವಳು ನಾನು. ಓದಿದ್ದು ಒಂದು, ಮಾಡಿದ್ದು ಕಂಪನಿಯ ಪರವಾಗಿ ವಕಾಲತ್ತು. ನಾಚಿಕೆಯಾಯಿತು. ಇಸ್ತ್ರಿಯಕ್ಕನಿಗೆ ನನ್ನ ಹೆಸರಿನಲ್ಲಿ ಕೈಮುಗಿ.

ಆ ಪೆಟ್ಟಿಗೆಯನ್ನು ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಯಾರದೋ ಹೆಬ್ಬೆರಳಿರಬೇಕು. ಲೋಕದಲ್ಲಿ ಓರೆ ಬೆರಳು ನನ್ನದೊಂದೇ ಅಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ಜಾಸ್ತಿ. ಬರೆಯಲು ಹೊತ್ತಿಲ್ಲ.

ಕರಪತ್ರ


ಮಾರ್ಚ್ 25, ಸೋಮವಾರ

ಮಗಳೇ,

ನಿನ್ನೆಯೂ ಹಾಲ್ ತುಂಬಿತ್ತು. ಅದನ್ನು ಬರೆಯಲು ಕೂತವನಲ್ಲ ನಾನು.

ಶುಕ್ರವಾರ ಮೀಸೆ ನಿನ್ನ ಊರಿಗೆ ಬಂದಾಗ ನಿಮ್ಮತ್ತೆ ಕೊಟ್ಟ ಸ್ವೆಟರ್ ತಲುಪಿಸಲು ಗೋದಾಮಿನ ಗೇಟಿಗೆ ಬಂದಿದ್ದ. ಊಟದ ಹೊತ್ತು. ನೀನು ಅವನನ್ನು ನೋಡಲಿಲ್ಲ. ಅವನು ಕಾವಲುಗಾರನ ಕೈಗೆ ಪೊಟ್ಟಣ ಕೊಟ್ಟು ಹೊರಟುಬಂದ. ಇಲ್ಲಿ ಬಂದು ನನಗೆ ಹೇಳಿದ: "ಅಲ್ಲಿ ಹಾಡೂ ಇಲ್ಲ ಪಾಡೂ ಇಲ್ಲ. ಒಂದು ಲೌಡ್‌ಸ್ಪೀಕರು ಇವತ್ತು ಎಷ್ಟು ಡಬ್ಬ ಆಯ್ತು, ಎಷ್ಟು ಆಗಬೇಕು ಅಂತ ಅರಚ್ತಿತ್ತು. ಹೆಂಗಸರು ಮೂಲೆಗೊಬ್ಬರು. ನಿಮ್ಮಕ್ಕನ ಮಗಳು ಗೋಡೆ ಕಡೆ ಮುಖ ಮಾಡ್ಕೊಂಡು ಒಬ್ಬಳೇ ತಿಂತಾ ಕೂತಿದ್ಲು."

ನೀನು ವಾದದಲ್ಲಿ ನನ್ನನ್ನು ಸೋಲಿಸಬಹುದು. ಸುಳ್ಳಿನಲ್ಲಿ ಆಗುವುದಿಲ್ಲ, ಅದಕ್ಕೆ ನಿನಗೆ ಸಾಧನೆ ಸಾಲದು. ಬರೆ.

ಮಾವ


ಮಾರ್ಚ್ 27, ಬುಧವಾರ

ಮಾವ,

ಇನ್ನೊಂದು ಪೆಟ್ಟಿಗೆ ಇಲ್ಲ. ಇದ್ದದ್ದು ಅದೊಂದೇ.

ಮೂರನೆಯ ಟರ್ನ್‌ಟೇಬಲ್ಲೂ ಇಲ್ಲ. ಹೋದ ವರ್ಷ ಮಾರಿದೆ, ಆ ದುಡ್ಡಿನಿಂದಲೇ ಕಂಟ್ರೋಲರ್ ಕೊಂಡೆ. ತತ್ವಕ್ಕಾಗಿ ಮಾರಿದೆ ಎಂದು ನನಗೇ ಹೇಳಿಕೊಂಡೆ. ನೀನು ಕೇಳಿದಾಗ ಹೇಳಲು ಬಾಯಿ ಬರಲಿಲ್ಲ, ಬೇಲಿ, ಹಕ್ಕು, ಕಾಲ ಎಂದು ಮೂರು ಪುಟ ಬರೆದೆ. ಆ ವಾದದಲ್ಲಿ ಒಂದು ಸಾಲೂ ಸುಳ್ಳಲ್ಲ, ಆದರೆ ಒಟ್ಟಿಗೆ ಸೇರಿ ಅದೊಂದು ಸುಳ್ಳು. ನೀನು ಅದನ್ನು ಪ್ರೀತಿ ಎಂದು ಓದಿಕೊಂಡೆ, "ವಾರಕ್ಕೊಮ್ಮೆ ಧೂಳು ಒರೆಸು" ಎಂದು ಬರೆದೆ.

ಕೊಂಡವನು ಕಾಫಿ ಅಂಗಡಿ ನಡೆಸುತ್ತಾನೆ. ನೀನು ಎರಡನೇ ಸಲ ಕೇಳಿದಾಗ ಅಲ್ಲಿಗೆ ಹೋದೆ. ಅದನ್ನು ಕಿಟಕಿಯ ಬಳಿ ಇಟ್ಟಿದ್ದಾನೆ, ಮೇಲೊಂದು ಹೂಕುಂಡ. "ವಾಪಸ್ ಕೊಡಿ" ಅಂದೆ. "ಅದು ಅಲ್ಲಿ ಚೆನ್ನಾಗಿ ಕಾಣುತ್ತೆ" ಅಂದ. ಮಾವ, ಆ ತಟ್ಟೆ ತಿರುಗದೆ ಎಷ್ಟು ದಿನವಾಯಿತೋ! ಕುಂಡದ ನೀರು ಸೋರಿ ಮುಳ್ಳಿನ ತೋಳಿನ ಬುಡದಲ್ಲಿ ತುಕ್ಕು ಹಿಡಿದಿದೆ. ಬೀದಿಯಲ್ಲಿ ನಿಂತು ಅತ್ತೆ. ಹಳೆಯ ಯಂತ್ರಕ್ಕೆ ಆತ್ಮ ಅಂಟಿಸುವವರನ್ನು ಬೈದ ನಾನೇ.

ಅಂಗಳದ ಸಂಗತಿಯೂ ಹೇಳಿಬಿಡುತ್ತೇನೆ. ಕಟ್ಟುವ ಮೇಜಿನ ಬಳಿ ಕೂರಲು ಸ್ಟೂಲು ಬೇಕೆಂದು ನಾವೊಂದು ಅರ್ಜಿ ಬರೆದಿದ್ದೆವು. ಒಂಬತ್ತು ಗಂಟೆ ನಿಂತೇ ಕೆಲಸ. ಊಟದ ಬಿಡುವಿನಲ್ಲಿ ನಾನು ಹಾಡು ಹಾಕುತ್ತಿದ್ದಾಗ ಅರವತ್ತು ಹೆಂಗಸರು ಒಂದೇ ಕಡೆ ಕೂರುತ್ತಿದ್ದರು, ಅರ್ಜಿ ಕೈಯಿಂದ ಕೈಗೆ ಹೋಗುತ್ತಿತ್ತು. ನಾವು 'ಸೀಟಿ' ಎಂದು ಕರೆಯುವ ಮೇಲ್ವಿಚಾರಕನಿಗೆ ಅದು ಕಾಣಿಸುತ್ತಿರಲಿಲ್ಲ, ಅವನಿಗೆ ಬರೀ ಹಾಡು ಕೇಳುತ್ತಿತ್ತು. ಹಾಡು ನಿಂತ ಮರುದಿನವೇ ಅವನು ಸ್ಪೀಕರ್ ಕಟ್ಟಿಸಿದ. ಈಗ ಎಲ್ಲರೂ ಚದುರಿದ್ದಾರೆ. ಅರ್ಜಿ ಹತ್ತೊಂಬತ್ತು ಸಹಿಗೆ ನಿಂತಿದೆ.

ಆದರೂ ಮೂವತ್ತೊಂದರವರೆಗೆ ಪೆಟ್ಟಿಗೆಯನ್ನು ನೀನೇ ಇಟ್ಟುಕೋ. ಇದು ಬೇಡಿಕೆ, ವಾದವಲ್ಲ.

ನಿನ್ನ ಸೋದರಸೊಸೆ


ಮಾರ್ಚ್ 28, ಗುರುವಾರ

ಮಗಳೇ,

ಮೀಸೆಯ ಕೈಯಲ್ಲಿ ಪೆಟ್ಟಿಗೆ ಕಳಿಸಿದ್ದೇನೆ. ನಾಳೆ ನಿನ್ನ ಊಟದ ಬಿಡುವಿನ ಹೊತ್ತಿಗೆ ಗೇಟಿನಲ್ಲಿರುತ್ತಾನೆ. ತಡಮಾಡಿದರೆ ಅವನ ಬಸ್ಸಿನ ಬ್ರೇಕು ನಾನು ನೋಡುವುದಿಲ್ಲ ಎಂದು ಹೆದರಿಸಿದ್ದೇನೆ.

ನೀನು ನನಗೆ ವಾದ ಕಳಿಸಿದ್ದೀಯ ಎಂದುಕೊಂಡಿದ್ದೆ. ನಿನ್ನ ಊಟದ ಡಬ್ಬಿಯನ್ನೇ ಕಳಿಸಿದ್ದೆ ಎಂದು ಗೊತ್ತಿರಲಿಲ್ಲ. ನಮ್ಮ ಹಾಲ್ ಉಳಿಯಲಿ ಎಂದು ಅರವತ್ತು ಹೆಂಗಸರನ್ನು ಮೂಲೆಗೊಬ್ಬರಂತೆ ಕೂರಿಸಿ ನಾನು ಇಲ್ಲಿ ಕುಣಿಸಲಾರೆ. ಇಸ್ತ್ರಿಯಕ್ಕನಿಗೆ ವಿಷಯ ಹೇಳಿದೆ. "ನಿಂತೇ ಕೆಲಸ ಮಾಡೋದು ಏನು ಅಂತ ನನ್ನನ್ನ ಕೇಳು. ಕಳಿಸು ಮೊದಲು" ಅಂದಳು.

ಮೂರನೆಯದರ ಬಗ್ಗೆ: ಕೊಟ್ಟ ಮೇಲೆ ಅದು ನಿನ್ನದು, ಮಾರಿದ್ದು ನಿನ್ನ ಇಷ್ಟ. ಬೇಸರವಾಗಲಿಲ್ಲ ಎಂದರೆ ನಾನೂ ಸುಳ್ಳು ಹೇಳಿದಂತಾಗುತ್ತದೆ. ಆಯಿತು. ಒಂದು ರಾತ್ರಿ ಆಯಿತು, ಬೆಳಿಗ್ಗೆ ಹೋಯಿತು. ಆ ಅಂಗಡಿಯವನಿಗೆ ಹೇಳು, ಮೋಟಾರಿರುವುದು ಕುಂಡದ ನೇರ ಕೆಳಗೆ, ನೀರು ನೋಡಿಕೊಂಡು ಹಾಕಲಿ.

ಭಾನುವಾರ ನಾನೂ ನನ್ನ ಒಂಟಿ ಟರ್ನ್‌ಟೇಬಲ್ಲೂ ಹೋಗುತ್ತೇವೆ. ಅರ್ಧ ನಿಮಿಷದ ಮೌನಗಳಲ್ಲಿ ಜನ ಎದ್ದುಹೋದರೆ ಹೋಗಲಿ. ಟ್ಯೂಷನ್ನಿನ ಮಕ್ಕಳೂ ಯಾರದೋ ಮಕ್ಕಳೇ.

ಮಾವ


ಮಾರ್ಚ್ 30, ಶನಿವಾರ

ಮಾವ,

ನಿನ್ನೆ ಬಿಡುವಿನ ಗಂಟೆ ಹೊಡೆದಾಗ ಮೀಸೆ ಮಾಮ ಗೇಟಿನಲ್ಲಿ ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದ.

ಅವಸರದಲ್ಲಿ ಬಿರಡೆ ನೋಡಲಿಲ್ಲ. ನೀನಿಟ್ಟ ಜಾಗದಲ್ಲೇ ಇತ್ತು. ಹಾಡು ಶುರುವಾದ ಮೇಲೆ ಗೊತ್ತಾಯಿತು, ನಮ್ಮ ಭಾನುವಾರದ ದನಿ. ಮೇಲಕ್ಕೆ ತಳ್ಳಲು ಬೆರಳಿಟ್ಟೆ. ಅಷ್ಟರಲ್ಲಿ ನನ್ನ ಪಕ್ಕದ ಮೇಜಿನವಳು ಎದ್ದಳು. ಒಂದು ವರ್ಷ ನಾನು ಹಾಡು ಹಾಕಿದ್ದೇನೆ, ಅವರೆಲ್ಲ ಕೂತು ಕೇಳುತ್ತಿದ್ದರು, ತಲೆದೂಗುತ್ತಿದ್ದರು. ಯಾರೂ ಎದ್ದಿರಲಿಲ್ಲ. ದಣಿದಿದ್ದಾರೆ, ಪಾಪ, ಎಂದುಕೊಂಡಿದ್ದೆ. ನಿನ್ನೆ ಅವಳು ಎದ್ದು, ಊದಿದ ಪಾದವನ್ನು ಚಪ್ಪಲಿಯಿಂದ ಬಿಡಿಸಿ, ಸಿಮೆಂಟಿನ ಮೇಲೆ ಉಜ್ಜುತ್ತಾ ಒಂದು ಸುತ್ತು ಬಂದಳು. ಆಮೇಲೆ ಇನ್ನೊಬ್ಬಳು. ಸೀಟಿ ಸ್ಪೀಕರಿನಲ್ಲಿ ಡಬ್ಬದ ಲೆಕ್ಕ ಓದುತ್ತಲೇ ಇದ್ದ. ಅದಕ್ಕೂ ಅವರು ಸೊಂಟ ತಿರುಗಿಸಿದರು.

ಅರ್ಜಿಗೆ ಮೂವತ್ತೆಂಟು ಸಹಿಯಾಗಿದೆ.

ನಾಳೆ ಭಾನುವಾರ, ಸಭೆಯ ದಿನ. ಏನಾಯಿತೆಂದು ಕೂಡಲೇ ಬರೆ. ಹಾಲ್ ಹೋದರೂ ಬರೆ.

ಕರಪತ್ರ


ಏಪ್ರಿಲ್ 1, ಸೋಮವಾರ

ಕರಪತ್ರವೇ,

ಹನ್ನೆರಡು ಕಿಲೋ ಒಂದೇ ಆದರೂ ಮಹಡಿಗೊಂದು ಸಲ ನಿಂತು ಉಸಿರು ತೆಗೆದುಕೊಂಡೆ. ಆ ವಿಷಯದಲ್ಲಿ ನಿನ್ನ ಕರಪತ್ರ ಪೂರ್ತಿ ನಿಜ.

ನಲವತ್ತು ಜನ ಬಂದಿದ್ದರು. ಟ್ಯೂಷನ್ನಿನ ಮೇಷ್ಟ್ರೂ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹಾಲಿನ ಅಗಲ ಉದ್ದ ಕಣ್ಣಲ್ಲೇ ಅಳೆಯುತ್ತಿದ್ದರು. ಮೊದಲ ಹಾಡು ಮುಗಿಯಿತು. ಮುಳ್ಳು ಎತ್ತಿದೆ. ಮೌನ. ಅವಸರದಲ್ಲಿ ರೆಕಾರ್ಡು ಕವರಿನೊಳಗೆ ಹೋಗಲೊಲ್ಲದು. ಬೆನ್ನ ಹಿಂದೆ ಬೆಂಚು ಎಳೆಯುವ ಸದ್ದು ಕೇಳಿತು. ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಒಂದು ಚಪ್ಪಾಳೆ. ಆಮೇಲೆ ಇನ್ನೊಂದು. ಇಸ್ತ್ರಿಯಕ್ಕ ಹಾಲಿನ ನಡುವೆ ನಿಂತು, ಅದೇ ವೇಗದಲ್ಲಿ, ಮೂರು ನಿಮಿಷ ಎಂಟು ಸೆಕೆಂಡಿನ ವೇಗದಲ್ಲಿ, ಕೈ ತಟ್ಟುತ್ತಿದ್ದಳು. ಎಡಗಾಲು ಉಜ್ಜುತ್ತಲೇ ಇತ್ತು. "ಯಾರೂ ಕೂರಬೇಡಿ! ಅವನಿಗೆ ಒಂದೇ ಕೈ ಉಳಿದಿದೆ, ಇನ್ನೊಂದು ನಾವೇ ಆಗಬೇಕು" ಅಂತ ಕೂಗಿದಳು. ನಾಲ್ಕು ಜನ ತಟ್ಟಿದರು, ಹತ್ತು ಜನ ತಟ್ಟಿದರು, ಹಾಲೇ ತಟ್ಟಿತು. ನಾನು ಹೊಸ ರೆಕಾರ್ಡು ಹಾಕಿ, ಅವರ ಚಪ್ಪಾಳೆಗೆ ಕಿವಿಗೊಟ್ಟು, ಬಿರಡೆಯನ್ನು ಕೂದಲೆಳೆಯಷ್ಟು ಸರಿಸಿ, ಅಂಚನ್ನು ಹಿಡಿದು, ಬಿಟ್ಟೆ. ತಾಳಕ್ಕೆ ತಾಳ ಕೂಡಿತು. ಮುಂದಿನ ಹಾಡನ್ನು ನಾನು ಇಷ್ಟು ವರ್ಷ ಎಡಗಡೆಯ ಮೋಟಾರಿಗೆ ಕೂಡಿಸುತ್ತಿದ್ದೆ. ನಿನ್ನೆ ಜನರಿಗೆ ಕೂಡಿಸಿದೆ.

ಹಾಗೇ ಹದಿನೇಳು ಹಾಡು. ಹದಿನೇಳರ ನಡುವೆಯೂ ಹಾಗೇ.

ನಾಲ್ಕೂವರೆಗೆ ಒಂದು ವಿಚಿತ್ರ ನಡೆಯಿತು. ಚಪ್ಪಾಳೆಯ ಜೊತೆ ಘಲ್, ಘಲ್ ಎಂದು ಏನೋ ಸೇರಿಕೊಂಡಿತು. ತಿರುಗಿ ನೋಡಿದರೆ ಬಾಗಿಲ ಬಳಿ ಬೀಗದಕೈ. ಮುಖ ಎಂದಿನಂತೆ ಗಂಟಿಕ್ಕಿದ್ದಾನೆ, ಕಣ್ಣು ಗೋಡೆ ಗಡಿಯಾರದ ಮೇಲಿದೆ. ಆದರೆ ಬಲಗೈಯಲ್ಲಿ ಸಂಘದ ಇಪ್ಪತ್ತು ಕೀಲಿಗಳ ಗೊಂಚಲು ಸರಿಯಾಗಿ ತಾಳಕ್ಕೆ ಅಲ್ಲಾಡುತ್ತಿದೆ. ಅವನಿಗೇ ಗೊತ್ತಿಲ್ಲ. ಇಸ್ತ್ರಿಯಕ್ಕ ನನಗೆ ಕಣ್ಣು ಮಿಟುಕಿಸಿ "ಶ್!" ಅಂದಳು, ಗೊತ್ತಾದರೆ ನಿಲ್ಲಿಸಿಬಿಡುತ್ತಾನೆ ಎಂದು. ಮೇಷ್ಟ್ರು ಅವನನ್ನು ಒಮ್ಮೆ ನೋಡಿ, ಎದ್ದು, ಚಪ್ಪಲಿ ಹಾಕಿಕೊಂಡರು.

ಸಂಜೆಯ ಸಭೆ ಐದೇ ನಿಮಿಷದ್ದು. ಭಾನುವಾರ ನಮ್ಮದು.

ಒಂದು ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡ. ಅವನ ಕೀಲಿ ಗೊಂಚಲು ಹಾಡಿಲ್ಲದ ಆ ಹೊತ್ತಿನಲ್ಲೂ ಇನ್ನಷ್ಟು ತಾಳ ಹಾಕಲಿ ಎಂದು, ಕೊನೆಯ ರೆಕಾರ್ಡು ಹಾಕುವಾಗ ನಾನು ಬೇಕೆಂದೇ ತಡಮಾಡಿದೆ.

ನಿನ್ನ ಮಾವ